ಸೀನಪ್ಪನ ನಲವತ್ತಾರು ನಿಮಿಷ

ಕೆನಡಾದ ಬೋಲ್ಟನ್ನಿನ ಗೋದಾಮೊಂದರಲ್ಲಿ ಒಂದು ಬೆಳಿಗ್ಗೆ ಫೋರ್ಕ್‌ಲಿಫ್ಟೊಂದು ಸೀನಪ್ಪನ ಬಲಮಗ್ಗುಲಿಗೆ ಗೇಣಳತೆಯಲ್ಲಿ ಬಂದು ನಿಂತಿತು. ಓಡಿಸುತ್ತಿದ್ದ ಗುರ್‌ಮೀತ್ ಮೂರು ಸಲ ಹಾರ್ನ್ ಹೊಡೆದಿದ್ದನಂತೆ. ಇಳಿದು ಬಂದವನ ಮುಖ ಬಿಳಿಚಿಕೊಂಡಿತ್ತು.

"ಅಂಕಲ್‌ಜೀ, ಸುನಾಯೀ ನಹೀಂ ದೇತಾ ಕ್ಯಾ?"

ಕೇಳಿಸಿರಲಿಲ್ಲ. ಒಂದು ವರ್ಷದಿಂದ ಬಲಗಿವಿಯಲ್ಲಿ ಜೀರುಂಡೆಯಂಥ ಸದ್ದೊಂದು ಕೂತಿತ್ತು. ಅದರ ಹಿಂದೆ ಉಳಿದ ಸದ್ದುಗಳೆಲ್ಲ ಒಂದೊಂದಾಗಿ ಮುಳುಗಿಹೋದದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಫೋನನ್ನು ಎಡಗಿವಿಗೆ ಹಿಡಿಯುವುದು ಅಭ್ಯಾಸವಾಗಿತ್ತು. ಟೀವಿಯ ವಾಲ್ಯೂಮಿನ ವಿಚಾರಕ್ಕೆ ಹೆಂಡತಿ ಚಿತ್ರಾ ರೇಗುವುದೂ ಅಭ್ಯಾಸವಾಗಿತ್ತು.

ಸೀನಪ್ಪ ಸಾಲ್ಯಾನನಿಗೆ ಆಗ ಐವತ್ತೆಂಟು. ಹುಟ್ಟಿದ್ದು ಮಲ್ಪೆಯ ಹತ್ತಿರ. ಹದಿನೇಳಕ್ಕೆ ಟ್ರಾಲರ್ ಬೋಟು ಹತ್ತಿದವನು ಇಪ್ಪತ್ತಕ್ಕೆ ಸಮುದ್ರದ ಕೆಲಸ ಬಿಟ್ಟು ಬಹ್ರೇನಿನ ಹೋಟೆಲೊಂದರ ಅಡಿಗೆಮನೆ ಸೇರಿದ. ಅಲ್ಲಿಂದ ಕೆನಡಾಕ್ಕೆ. ತೀರ್ಥಹಳ್ಳಿ ಕಡೆಯ ಚಿತ್ರಾಳನ್ನು ಮದುವೆಯಾದ ಮೇಲೆ ಮನೆಯ ಮಾತು ತುಳುವಿನ ಬದಲು ಕನ್ನಡವಾಯಿತು. ಬೋಲ್ಟನ್ನಿನಲ್ಲಿ ಒಂದು ಟೌನ್‌ಹೌಸು, ಒಬ್ಬಳು ಮಗಳು, ಬೆಳಿಗ್ಗೆ ಆರರಿಂದ ಎರಡರವರೆಗಿನ ಶಿಫ್ಟು. ಪರಿಚಯದವರಿಗೆಲ್ಲ ಅವನು ಗಟ್ಟಿ ಎದೆಯ ಮನುಷ್ಯ. ವಿಪರೀತ ಮಂಜು ಬಿದ್ದಾಗ ಅದನ್ನು ಕೆಡವಲು ನೆರೆಯವರ ಮಾಡಿಗೆ ಏಣಿ ಹಾಕಿ ಹತ್ತುವವನು, ಗರಾಜಿಗೆ ನುಗ್ಗಿದ ರಕೂನನ್ನು ಪೊರಕೆಯಲ್ಲೇ ಓಡಿಸಿದವನು. ಆದರೆ ಗೋದಾಮಿನ ಫ್ರೀಜರ್ ವಿಭಾಗಕ್ಕೆ ಮಾತ್ರ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಕೇಳಿದವರಿಗೆ ಮಂಡಿನೋವು ಎನ್ನುತ್ತಿದ್ದ.

ಕಿವಿಯ ಡಾಕ್ಟರು ಪರೀಕ್ಷೆಯ ಗೆರೆಗಳನ್ನು ನೋಡಿದರು. ಎರಡೂ ಕಿವಿ ಮಂದವಾಗಿದ್ದರೆ ವಯಸ್ಸು ಎನ್ನಬಹುದಿತ್ತು, ಒಂದೇ ಹೋಗಿದೆ ಎಂದರೆ ನರದ ಮೇಲೆ ಏನಾದರೂ ಕೂತಿದೆಯೋ ಎಂದು ನೋಡಬೇಕು, ಎಮ್ಆರ್‌ಐ ಮಾಡಿಸೋಣ ಎಂದರು. 'ಕೂತಿದೆಯೋ' ಎಂಬ ಆ ಮಾತು ಸೀನಪ್ಪನ ತಲೆಯೊಳಗೆ ನಿಜವಾಗಿಯೂ ಕೂತುಬಿಟ್ಟಿತು. ಮುಖ ಕ್ಷೌರ ಮಾಡಿಕೊಳ್ಳುವಾಗ ಕಿವಿಯ ಹಿಂದೆ ಬೆರಳಿಟ್ಟು ಒತ್ತಿ ನೋಡುತ್ತಿದ್ದ, ಅಲ್ಲಿ ಯಾರೋ ಬಾಡಿಗೆಗೆ ಬಂದು ಇಳಿದಿದ್ದಾರೆ ಎಂಬಂತೆ.

ಎಮ್ಆರ್‌ಐ ದಿನ ಅವನನ್ನು ಕರೆದುಕೊಂಡು ಹೋದವಳು ಮಗಳು ಅಶ್ವಿತಾ. ಇಪ್ಪತ್ತನಾಲ್ಕರ ಹುಡುಗಿ, ಫಿಸಿಯೋಥೆರಪಿ ಓದು ಆಗಷ್ಟೇ ಮುಗಿದಿತ್ತು. ಕಪ್ಪು ಬಟ್ಟೆ ಬಿಟ್ಟು ಬೇರೆ ತೊಡಳು, ಎರಡು ಕಿವಿ, ಮೂಗು, ಹುಬ್ಬು ಸೇರಿ ಏಳು ಕಡೆ ಬಳೆಯಂಥ ರಿಂಗುಗಳು. ಬೇಸ್‌ಮೆಂಟಿನ ಅವಳ ಕೋಣೆಯಿಂದ ಹೈಸ್ಕೂಲಿನ ಕಾಲದಿಂದಲೂ ಬರುತ್ತಿದ್ದ ಸಂಗೀತ ಸೀನಪ್ಪನಿಗೆ ಸಂಗೀತವೆಂದು ಅನ್ನಿಸಿದ್ದೇ ಇಲ್ಲ. ಯಾರನ್ನೋ ಕೊಲ್ಲುತ್ತಿರುವ ಸದ್ದು ಅದು. ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡು, ಈ ಹುಡುಗಿಗೆ ಒಳಗೆ ಏನಾಗಿದೆಯೋ ಎಂದು ಹೆದರಿ, ಕೇಳಲಾರದೆ ಹಾಗೆಯೇ ಹಿಂದಿರುಗಿದ ಸಂಜೆಗಳು ಎಷ್ಟೋ.

ಆಸ್ಪತ್ರೆಯಲ್ಲಿ ಅವನನ್ನು ಉದ್ದನೆಯ ಹಲಗೆಯಂಥ ಮೇಜಿನ ಮೇಲೆ ಮಲಗಿಸಿದರು. ತಲೆಯ ಎರಡೂ ಬದಿಗೆ ಮೆತ್ತೆ ತುರುಕಿ, ಮುಖದ ಮೇಲೆ ಪಂಜರದಂಥದ್ದನ್ನು ಮುಚ್ಚಿ, ಕೈಗೊಂದು ರಬ್ಬರ್ ಚೆಂಡು ಕೊಟ್ಟರು. ಬೇಕೆನಿಸಿದರೆ ಹಿಸುಕಿ, ನಾವು ಬರುತ್ತೇವೆ ಎಂದರು. ಮೇಜು ಒಳಗೆ ಸರಿಯಿತು. ಮೂಗಿನ ಮೇಲೆ ಒಂದು ಹಿಡಿ ಜಾಗ. ಆಮೇಲೆ ಯಂತ್ರ ಶುರುವಾಯಿತು. ಬಡಿತ, ಗೊರಗೊರ, ಮತ್ತೆ ಬಡಿತ. ಆ ಸದ್ದಿನಲ್ಲಿ ತನ್ನ ದನಿ ತನಗೇ ಕೇಳಿಸದು ಎಂದು ಹೊಳೆದ ಕ್ಷಣವೇ ಸೀನಪ್ಪ ಚೆಂಡನ್ನು ಹಿಸುಕಿದ. ಹಿಸುಕಿದ, ಹಿಸುಕಿದ, ಹಿಸುಕುತ್ತಲೇ ಇದ್ದ. ಹೊರಗೆ ಎಳೆದಾಗ ಅಂಗಿ ತೊಯ್ದು ಮೈಗೆ ಅಂಟಿತ್ತು. ನಾಲ್ಕು ನಿಮಿಷವಾಗಿತ್ತಂತೆ. ಬೇಕಾದದ್ದು ನಲವತ್ತೈದು.

ಮನೆಗೆ ಹಿಂದಿರುಗುವಾಗ ಕಾರು ಓಡಿಸುತ್ತಿದ್ದವಳು ಅಶ್ವಿತಾ.

"ಮಾತ್ರೆ ಕೊಡ್ತಾರಂತೆ ಅಪ್ಪಾ. ನಿದ್ದೆ ಬಂದ ಹಾಗೆ ಆಗ್ತದೆ. ಲಾಟ್ಸ್ ಆಫ್ ಪೀಪಲ್ ತಗೊಳ್ತಾರೆ."

"ಅದು ಬೇಡ." ಸೀನಪ್ಪ ಥಟ್ಟನೆ ಅಂದ. "ಅದರ ಒಳಗೆ ನಿದ್ದೆ ಬರುದು ಬೇಡವೇ ಬೇಡ."

ಅಶ್ವಿತಾ ಅವನ ಕಡೆ ನೋಡಿದಳು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಹೇಳಿದಳು: "ಹೊರಗೆ ನಂಗೆ ಆ ಮಶೀನ್ ಸೌಂಡ್ ಕೇಳ್ತಾ ಇತ್ತು. ಯೂ ನೋ ವಾಟ್? ಅದು ನನ್ನ ಮ್ಯೂಸಿಕ್ ಥರಾನೇ ಇತ್ತು. ಆ ಬೀಟ್, ಆ ಗುಂಯ್ ಅನ್ನುವ ಡ್ರೋನ್."

"ನಿನ್ನ ಮ್ಯೂಸಿಕ್ ಕೇಳಿದ್ರೂ ನಂಗೆ ಹೆದರಿಕೆಯೇ ಮಗಾ."

"ಎಕ್ಸಾಕ್ಟ್ಲಿ. ಹಾಗಾದ್ರೆ ಅದ್ರಲ್ಲೇ ಪ್ರಾಕ್ಟೀಸ್ ಮಾಡುವಾ."

ಮುಂದಿನ ತಾರೀಖು ಸಿಕ್ಕಿದ್ದು ನಾಲ್ಕು ವಾರದ ಆಚೆ. ಮರುದಿನ ಶಿಫ್ಟ್ ಮುಗಿಸಿ ಸೀನಪ್ಪ ಮನೆಗೆ ಬಂದಾಗ ಬೇಸ್‌ಮೆಂಟಿನಲ್ಲಿ ಹಳೆಯ ಊಟದ ಮೇಜಿನ ಅಡಿಯಲ್ಲಿ ಯೋಗದ ಚಾಪೆ ಹಾಸಿತ್ತು. ಮೇಜಿನ ಸುತ್ತ ಹಾಸಿಗೆಯ ಬಟ್ಟೆ ಇಳಿಬಿಟ್ಟಿದ್ದಳು. ಚಾಪೆಯ ಮೇಲೆ ಅವಳ ದೊಡ್ಡ ಹೆಡ್‌ಫೋನು. ಒಂದು ಆಲ್ಬಮ್ಮನ್ನು ಅವಳೇ ಆರಿಸಿಟ್ಟಿದ್ದಳು: ನಾರ್ವೆ ಕಡೆಯ ಯಾರೋ ಐದು ಜನರದು, ಹೆಸರು ಸೀನಪ್ಪನ ನಾಲಿಗೆಗೆ ಹೊರಳಲಿಲ್ಲ. ಐದು ಹಾಡು, ಎಲ್ಲ ಸೇರಿ ನಲವತ್ತಾರು ನಿಮಿಷ.

"ಇದು ಸ್ಕೇರಿ. ಸುಳ್ಳು ಹೇಳುದಿಲ್ಲ," ಅಂದಳು. "ಆದ್ರೆ ಪ್ರತಿ ಸಲ ಸೇಮ್ ಜಾಗದಲ್ಲೇ ಸ್ಕೇರಿ. ಅದನ್ನ ನೀವು ಲರ್ನ್ ಮಾಡ್ಬಹುದು."

ಮೊದಲನೆಯ ಹಾಡಿನಲ್ಲಿ ಏನೂ ಇರಲಿಲ್ಲ. ಬರೀ ಗಾಳಿ. ಮೂಳೆ ಕೊರೆಯುವ, ಮರವಿಲ್ಲದ ಬಯಲಿನ ಗಾಳಿ. ಅದರ ನಡುವೆ ಒಂದೇ ತಂತಿ, ಆಗೊಮ್ಮೆ ಈಗೊಮ್ಮೆ ಮಿಡಿದು ಸುಮ್ಮನಾಗುತ್ತಿತ್ತು. ಬಲಗಿವಿಗೆ ಏನೂ ತಲುಪದೆ ಎಲ್ಲವೂ ಎಡದಿಂದಲೇ ಬರುತ್ತಿದ್ದುದರಿಂದ ಯಾರೋ ಆ ಒಂದು ಮಗ್ಗುಲಿನಲ್ಲೇ ಕುಕ್ಕರುಗಾಲಲ್ಲಿ ಕೂತು ತನ್ನನ್ನು ನೋಡುತ್ತಿರುವಂತೆ ಅವನಿಗೆ ಅನಿಸತೊಡಗಿತು. ಏನೋ ಬರುತ್ತದೆ, ಬರುತ್ತಿದೆ. ಅದು ಬರುವುದಕ್ಕಿಂತ ಆ ಕಾಯುವಿಕೆಯೇ ಕೆಟ್ಟದ್ದಾಗಿತ್ತು. ಏಳನೆಯ ನಿಮಿಷಕ್ಕೆ ಅದು ಬಂತು. ಗಿಟಾರು, ಡೋಲು ಎಲ್ಲ ಒಮ್ಮೆಗೇ ಗೋಡೆ ಕುಸಿದ ಹಾಗೆ ಬಿದ್ದವು, ಅವುಗಳ ಅಡಿಯಿಂದ ಒಬ್ಬ ಗಂಡಸು ಮನುಷ್ಯರದ್ದಲ್ಲದ ದನಿಯಲ್ಲಿ ಅರಚಿದ. ಸೀನಪ್ಪ ಎದ್ದ ಭರಕ್ಕೆ ಹಣೆ ಮೇಜಿಗೆ ಬಡಿಯಿತು.

"ಸೆವೆನ್ ಮಿನಿಟ್ಸ್, ಅಪ್ಪಾ!" ಅಶ್ವಿತಾ ಹೊರಗಿಂದ ಕೂಗಿದಳು. "ಆಸ್ಪತ್ರೆಗಿಂತ ಮೂರು ಜಾಸ್ತಿ."

ಹೀಗೆ ಶುರುವಾಯಿತು. ದಿನಾ ಮೂರು ಗಂಟೆಗೆ, ಸ್ನಾನ ಮುಗಿಸಿ, ಅವನು ಮೇಜಿನ ಅಡಿಗೆ ತೂರಿಕೊಳ್ಳುತ್ತಿದ್ದ. ಚಿತ್ರಾ ವೃದ್ಧಾಶ್ರಮದ ಕೆಲಸದಿಂದ ಬರುವಷ್ಟರಲ್ಲಿ ಹೊರಗೆ ಬಂದಿರುತ್ತಿದ್ದ. ಅರಚುವವನು ಯಾವಾಗ ಬರುತ್ತಾನೆ, ಎಷ್ಟು ಹೊತ್ತು ಇರುತ್ತಾನೆ, ಯಾವಾಗ ಹೋಗುತ್ತಾನೆ ಎಂಬುದು ನಾಲ್ಕು ದಿನಕ್ಕೆ ತಿಳಿಯಿತು. ತಿಳಿದ ಮೇಲೂ ಹೆದರಿಕೆ ಕಮ್ಮಿಯಾಗಲಿಲ್ಲ, ಆದರೆ ಅದು ಬಸ್ಸಿನ ಹಾಗೆ ಹೊತ್ತಿಗೆ ಸರಿಯಾಗಿ ಬಂದು ಹೋಗುತ್ತಿತ್ತು. ಮೂರನೆಯ ಹಾಡಿನಲ್ಲಿ ಹೆಂಗಸೊಬ್ಬಳು ಮಾತಿಲ್ಲದೆ ಗುನುಗುತ್ತಿದ್ದಳು. ಅಷ್ಟು ದೂರ ತಲುಪಿದರೆ ಆ ಎಂಟು ನಿಮಿಷ ಕಣ್ಣು ಮುಚ್ಚಿ ಉಸಿರಾಡಬಹುದಿತ್ತು.

ಒಂಬತ್ತನೆಯ ದಿನ ಅವನು ಮೊದಲ ಸಲ ನಾಲ್ಕನೆಯ ಹಾಡಿಗೆ ಬಂದ.

ಅದರಲ್ಲಿ ಮೊದಲು ಒಂದು ಗುಂಯ್‌ಗುಡುವಿಕೆ ಎದ್ದಿತು, ದಪ್ಪನಾಗಿ, ಕೆಳಗಿನಿಂದ, ಮೈಯೆಲ್ಲ ನಡುಗುವ ಹಾಗೆ. ಡೀಸೆಲ್ ಇಂಜಿನ್ ಓಡುತ್ತಿರುವಾಗ ಹಲಗೆಗೆ ಕಿವಿಯಿಟ್ಟ ಹಾಗೆ. ಅದರ ಮೇಲೆ ದೂರದಲ್ಲಿ ಯಾರೋ ಬಡಿಯತೊಡಗಿದರು. ದಪ್. ಬಿಡುವು. ದಪ್. ಬಿಡುವು. ದಪ್. ಮರದ ಮೇಲೆ, ಒಳಗಿನಿಂದ.

ಸೀನಪ್ಪ ಚಾದರ ಹರಿದುಕೊಂಡು ಹೊರಬಿದ್ದ. ಹೆಡ್‌ಫೋನು ಒಂದು ಕಡೆ ಉರುಳಿತು. ಅವನು ಕೈಕಾಲೂರಿ ನೆಲದ ಮೇಲೆ ಹಾಗೆಯೇ ನಿಂತು ಏದುಸಿರು ಬಿಡುತ್ತಿದ್ದ. ಅಶ್ವಿತಾ ಓಡಿ ಬಂದು ಬೆನ್ನ ಮೇಲೆ ಕೈಯಿಟ್ಟಳು.

"ಏನಾಯ್ತು? ಅಪ್ಪಾ, ಅದು ಬರೀ ಡ್ರಮ್. ಜಸ್ಟ್ ಎ ಡ್ರಮ್."

"ಡ್ರಮ್ ಅಲ್ಲ," ಅಂದ ಸೀನಪ್ಪ. "ಅದು ನಾನು."

ಮಗಳು ನೀರು ತಂದು ಕೊಟ್ಟಳು. ಅವನು ಗೋಡೆಗೆ ಒರಗಿ ಕೂತು, ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು, ಮೂವತ್ತೊಂಬತ್ತು ವರ್ಷ ಯಾರಿಗೂ ಹೇಳದ್ದನ್ನು ಹೇಳಿದ.

"ನಂಗೆ ಹತ್ತೊಂಬತ್ತು ಆಗ. ಬೋಟಿನ ಅಡಿಯಲ್ಲಿ ಮೀನು ಇಡುವ ಕೋಣೆ ಉಂಟಲ್ಲ, ಐಸ್ ತುಂಬಿಸುದು, ಅದರಲ್ಲಿ ಇಳಿದು ನಾನು ಮೀನಿಗೆ ಐಸ್ ಹರಡ್ತಾ ಇದ್ದೆ. ಗಾಳಿ ಬಂತು. ಬೋಟು ಅಡ್ಡ ಮಲಗಿದ ಹಾಗೆ ಆಯ್ತು. ನೀರು ಒಳಗೆ ಬರುದು ಬೇಡ ಅಂತ ಮೇಲಿನವರು ಬಾಗಿಲು ಹಾಕಿ ಹಗ್ಗ ಬಿಗಿದ್ರು. ನಾನು ಮೇಲೆ ಬಂದಿದ್ದೇನೆ ಅಂತ ಅವರ ಲೆಕ್ಕ."

"ಓ ಮೈ ಗಾಡ್."

"ಕತ್ತಲೆ. ಮಂಡಿವರೆಗೆ ಐಸ್. ತಲೆಯ ಮೇಲೆ ಹಲಗೆ. ನಾನು ಐಸಿನ ಸಲಿಕೆ ತಕೊಂಡು ಹಲಗೆಗೆ ಬಡಿದೆ. ಬೊಬ್ಬೆ ಹೊಡೆದೆ. ಇಂಜಿನ್ ಸದ್ದು ಮಗಾ, ಯಾರಿಗೂ ಕೇಳುದಿಲ್ಲ. ನಂಗೇ ಕೇಳುದಿಲ್ಲ ನನ್ನ ಬೊಬ್ಬೆ. ಆಮೇಲೆ ನಿದ್ದೆ ಬರ್ಲಿಕ್ಕೆ ಶುರು ಆಯ್ತು. ಚಳಿಯಲ್ಲಿ ಬರ್ತದಲ್ಲ, ಒಳ್ಳೆ ನಿದ್ದೆ. ಮಲಗಿದ್ರೆ ಮುಗೀತು ಅಂತ ಗೊತ್ತಿತ್ತು. ಹಾಗಾಗಿ ಬಡೀತಾ ಇದ್ದೆ. ಒಂದು ಬಡಿಯುದು, ಹತ್ತು ಎಣಿಸುದು, ಮತ್ತೊಂದು ಬಡಿಯುದು."

"ಎಷ್ಟು ಹೊತ್ತು?"

"ಎರಡೂವರೆ ಗಂಟೆ ಅಂತ ಮತ್ತೆ ಹೇಳಿದ್ರು. ಗಾಳಿ ನಿಂತ ಮೇಲೆ ಇಂಜಿನ್ ಬಂದ್ ಮಾಡಿದಾಗ ಮರಿಯಪ್ಪ ಅಂತ ಒಬ್ಬ ಇದ್ದ, ಅವನಿಗೆ ಕೇಳಿತು."

ಅಶ್ವಿತಾಳ ಕಣ್ಣಿನ ಕಾಡಿಗೆ ಕೆನ್ನೆಗಿಳಿದಿತ್ತು. ಈ ಆಲ್ಬಮ್ ಬೇಡ, ನಿಲ್ಲಿಸಿಬಿಡುವಾ, ತನ್ನದೇ ತಪ್ಪು ಎಂದಳು. ಸೀನಪ್ಪ ಲೋಟ ಕೆಳಗಿಟ್ಟ. ಅವನು ಕೇಳಿದ್ದು ಬೇರೆಯೇ ಪ್ರಶ್ನೆ.

"ಇದನ್ನೆಲ್ಲ ನೀನು ಯಾಕೆ ಕೇಳುದು? ಹದಿನೈದು ವರ್ಷಕ್ಕೇ ಶುರು ಮಾಡಿದ್ದಿ. ನಿಂಗೆ ಎಂತ ಆಗಿತ್ತು?"

ಅವಳು ಮೂಗು ಒರೆಸಿಕೊಂಡಳು. "ಏನೂ ಆಗಿರ್ಲಿಲ್ಲ. ನಂಗೆ ಯಾವಾಗ್ಲೂ ಸುಮ್ಮನೆ ಭಯ ಆಗ್ತಿತ್ತು ಅಪ್ಪಾ. ಸ್ಕೂಲ್, ಎಕ್ಸಾಮ್, ಎವ್ರಿಥಿಂಗ್. ಇದು ಕೇಳುವಾಗ ಆ ಭಯ ಹೊರಗೆ ಇದೆ, ನನ್ನ ಒಳಗೆ ಅಲ್ಲ ಅನ್ನಿಸ್ತಿತ್ತು. ದಟ್ಸ್ ಆಲ್."

ಮಗಳು ಕೂಡ ಹೆದರುವವಳು ಎಂಬುದು ಸೀನಪ್ಪನಿಗೆ ಅಂದೇ ಗೊತ್ತಾದದ್ದು. ಆ ಕಪ್ಪು ಬಟ್ಟೆ, ಆ ರಿಂಗುಗಳು ಎಲ್ಲ ಗಟ್ಟಿತನ ಎಂದುಕೊಂಡಿದ್ದ.

ಎರಡು ದಿನ ಅವನು ಬೇಸ್‌ಮೆಂಟಿಗೆ ಇಳಿಯಲಿಲ್ಲ. ಮೂರನೆಯ ದಿನ ತಾನಾಗಿಯೇ ಹೋಗಿ ಮೇಜಿನ ಅಡಿಯಲ್ಲಿ ಮಲಗಿದ. ನಾಲ್ಕನೆಯ ಹಾಡು ಬಂದಾಗ ಹಲ್ಲು ಕಚ್ಚಿದ. ಬಡಿತ ಶುರುವಾಯಿತು. ಮೈ ಮಂಜುಗಡ್ಡೆಯಾಯಿತು, ಮಂಡಿಯವರೆಗೆ ತಣ್ಣಗಾಯಿತು, ಬಾಯಲ್ಲಿ ಮೀನಿನ ನೀರಿನ ರುಚಿ ಬಂತು. ಎಷ್ಟು ಬಡಿತ ಎಂದು ಎಣಿಸಿದ. ಅರವತ್ನಾಲ್ಕು. ಮರುದಿನವೂ ಅರವತ್ನಾಲ್ಕೇ. ಐದನೆಯ ಹಾಡು ಭಾರವಾದ ಸರಂಜಾಮನ್ನು ಎಳೆದುಕೊಂಡು ಗುಡ್ಡ ಹತ್ತಿದ ಹಾಗೆ ಹದಿನಾಲ್ಕು ನಿಮಿಷ ಸಾಗಿ, ಎಲ್ಲಿಯೂ ತಲುಪದೆ ನಿಂತಿತು. ಆ ವಾರದ ಕೊನೆಗೆ ಸೀನಪ್ಪ ನಲವತ್ತಾರು ನಿಮಿಷವನ್ನೂ ಮುಗಿಸಿದ. ಖುಷಿಯೇನೂ ಆಗಲಿಲ್ಲ. ಹೊರಗೆ ಬಂದು ಶೌಚಾಲಯಕ್ಕೆ ಹೋಗಿ ವಾಂತಿ ಮಾಡಿದ.

ಆಸ್ಪತ್ರೆಗೆ ಫೋನು ಮಾಡಿ ಅಶ್ವಿತಾ ಇನ್ನೊಂದು ವಿಷಯ ಕೇಳಿ ತಿಳಿದುಕೊಂಡಿದ್ದಳು. ಮೈಮೇಲೆ, ಮೈಯೊಳಗೆ ಲೋಹವಿಲ್ಲದಿದ್ದರೆ ಜೊತೆಯವರೊಬ್ಬರು ಯಂತ್ರದ ಕೋಣೆಯೊಳಗೆ ಕೂರಬಹುದು. ಎರಡನೆಯ ಎಮ್ಆರ್‌ಐ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಆಸ್ಪತ್ರೆಯ ಕನ್ನಡಿಯ ಮುಂದೆ ನಿಂತು ಅವಳು ರಿಂಗುಗಳನ್ನು ಒಂದೊಂದಾಗಿ ಬಿಚ್ಚಿ ಕಾಗದದ ಲೋಟಕ್ಕೆ ಹಾಕಿದಳು. ಹುಬ್ಬಿನದು ಬರಲಿಲ್ಲ. ಆರು ವರ್ಷದಿಂದ ತೆಗೆದಿರಲಿಲ್ಲವಂತೆ. ಕೊನೆಗೆ ನರ್ಸೊಬ್ಬಳು ಇಕ್ಕಳ ತಂದು ಎಳೆದಾಗ ಹುಬ್ಬಿನಿಂದ ರಕ್ತ ಜಿನುಗಿತು. ಅಶ್ವಿತಾ ಕಮಕ್ ಕಿಮಕ್ ಎನ್ನಲಿಲ್ಲ. ಹತ್ತಿ ಅಂಟಿಸಿಕೊಂಡು ಬಂದು ನಿಂತ ಮಗಳ ಬೋಳು ಮುಖ ಸೀನಪ್ಪನಿಗೆ ಆರನೆಯ ಕ್ಲಾಸಿನ ಹುಡುಗಿಯ ಹಾಗೆ ಕಂಡಿತು.

"ನಿಮ್ಮ ಕಾಲಿನ ಹೆಬ್ಬೆರಳು ನಾನು ಹಿಡ್ಕೊಂಡಿರ್ತೇನೆ," ಅಂದಳು. "ಮನಸ್ಸಲ್ಲೇ ಆಲ್ಬಮ್ ಹಾಕಿ. ಪ್ರತಿ ಹಾಡು ಶುರುವಾಗುವಾಗ ಒಮ್ಮೆ ಒತ್ತುತ್ತೇನೆ. ಐ ನೋ ಇಟ್ ಬೈ ಹಾರ್ಟ್."

ಪಂಜರ ಮುಚ್ಚಿತು. ಮೇಜು ಸರಿಯಿತು. ಹೆಬ್ಬೆರಳಿಗೆ ಒಮ್ಮೆ ಒತ್ತಿದ್ದು ತಿಳಿಯಿತು: ಒಂದು.

ಗಾಳಿಯನ್ನು ನೆನಪಿಸಿಕೊಳ್ಳಲು ನೋಡಿದ. ಯಂತ್ರ ಬಿಡಲಿಲ್ಲ. ಅದು ತನ್ನದೇ ತಾಳದಲ್ಲಿ ಗುದ್ದಿತು, ಕಿರುಚಿತು, ಆಲ್ಬಮ್ಮಿನ ಯಾವ ಜಾಗಕ್ಕೂ ಹೊಂದಲಿಲ್ಲ. ನಾಲ್ಕು ವಾರ ಕಲಿತದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯಿತು ಎನಿಸಿತು. ಚೆಂಡು ಅಂಗೈಯಲ್ಲಿ ಬೆವರಿತ್ತು. ಆಗ ಹೆಬ್ಬೆರಳಿಗೆ ಮತ್ತೊಂದು ಒತ್ತು ಬಿತ್ತು: ಎರಡು. ಅರಚುವವನು ಬಂದು ಹೋದ ಲೆಕ್ಕ. ಹತ್ತು ನಿಮಿಷ ಆಗಿದೆ ಎಂದಾಯಿತು. ಸೀನಪ್ಪ ಯಂತ್ರವನ್ನು ಕೇಳುವುದು ಬಿಟ್ಟು ಹೆಬ್ಬೆರಳನ್ನೇ ಕೇಳತೊಡಗಿದ.

ಮೂರು ಆಗಿ ಸ್ವಲ್ಪ ಹೊತ್ತಿಗೆ ಯಂತ್ರ ಇದ್ದಕ್ಕಿದ್ದಂತೆ ನಿಂತಿತು. ಯಾರ ದನಿಯೂ ಬರಲಿಲ್ಲ. ಒಂದು ನಿಮಿಷವೋ ಎರಡೋ. ಎಲ್ಲರೂ ಎದ್ದು ಹೋಗಿದ್ದಾರೆ, ತಾನಿಲ್ಲಿರುವುದು ಯಾರಿಗೂ ನೆನಪಿಲ್ಲ ಅನ್ನಿಸಿತು. ಆಮೇಲೆ ಮೇಜು ಹೊರಗೆ ಸರಿಯಿತು. ತಂತ್ರಜ್ಞೆ ಬಂದು, ಚಿತ್ರ ಸ್ಪಷ್ಟವಾಗಿ ಬರಲೆಂದು ಕೈಗೆ ಔಷಧ ಚುಚ್ಚಿ, ಇನ್ನೂ ಒಂದಿಷ್ಟು ಬಾಕಿಯಿದೆ, ಆಗುತ್ತದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೊರಗಿನ ಬೆಳಕು ಕಂಡ ಮೇಲೆ ಮತ್ತೆ ಒಳಗೆ ಹೋಗುವುದು ಮೊದಲಿಗಿಂತ ಕಷ್ಟ. ಸಾಕು ಎನ್ನಲು ಬಾಯಿ ತೆರೆದ.

"ಅಪ್ಪಾ," ಅಶ್ವಿತಾಳ ದನಿ ಕಾಲ ಬುಡದಿಂದ ಬಂತು. "ನೆಕ್ಸ್ಟ್ ನಾಲ್ಕನೇದು. ನಿಮ್ಮದು."

ಸೀನಪ್ಪ ಬಾಯಿ ಮುಚ್ಚಿ, ಕೈಯ ಹೆಬ್ಬೆರಳು ಮೇಲೆತ್ತಿ ತೋರಿಸಿದ.

ಆ ಕೊನೆಯ ಭಾಗದಲ್ಲಿ ಅವನು ಹೋಗಿದ್ದು ಬೋಟಿನ ಅಡಿಗೇ. ತಪ್ಪಿಸಿಕೊಳ್ಳಲು ನೋಡಲಿಲ್ಲ. ಕತ್ತಲೆಯಿತ್ತು, ಐಸಿತ್ತು, ತಲೆಯ ಮೇಲೆ ಹಲಗೆಯಿತ್ತು, ಇಂಜಿನ್ ಗರ್ಜಿಸುತ್ತಿತ್ತು. ಅವನು ಮನಸ್ಸಿನಲ್ಲೇ ಒಂದು ಬಡಿದು ಹತ್ತು ಎಣಿಸುತ್ತಿದ್ದ. ಆದರೆ ಈ ಸಲ ಹಲಗೆಯ ಆಚೆ ಒಬ್ಬಳು ಕೂತಿದ್ದಾಳೆ ಎಂಬುದು ಗೊತ್ತಿತ್ತು. ಕಣ್ಣಂಚಿನಿಂದ ನೀರು ಇಳಿದು ಕೇಳಿಸದ ಕಿವಿಯೊಳಗೆ ಹೋಯಿತು. ಒರೆಸಿಕೊಳ್ಳುವಂತಿರಲಿಲ್ಲ. ಐದನೆಯ ಒತ್ತು ಬಿದ್ದ ಕೆಲ ನಿಮಿಷಕ್ಕೆ ಎಲ್ಲ ಮುಗಿಯಿತು. ಹೊರಗೆ ಎಳೆದಾಗ ಅವನ ಕಾಲಿನ ಹೆಬ್ಬೆರಳ ಮೇಲೆ ಮಗಳ ಉಗುರಿನ ಗುರುತು ಮೂಡಿತ್ತು. ಅವಳೂ ಅಷ್ಟೇ ಹೆದರಿದ್ದಳು.

ಫಲಿತಾಂಶ ಬಂದದ್ದು ಹನ್ನೆರಡು ದಿನದ ಮೇಲೆ. ನರದ ಮೇಲೆ ಒಂದು ಗಂಟು ಕೂತಿತ್ತು, ಒಂಬತ್ತು ಮಿಲಿಮೀಟರ್. ಕ್ಯಾನ್ಸರ್ ಅಲ್ಲ, ಇಂಥವು ನಿಧಾನವಾಗಿ ಬೆಳೆಯುತ್ತವೆ, ಕೆಲವು ಬೆಳೆಯುವುದೇ ಇಲ್ಲ, ಈಗಲೇ ಕೈಹಾಕುವುದು ಬೇಡ ಎಂದರು ಡಾಕ್ಟರು. ಬಲಗಿವಿಯ ಕೇಳುವ ಶಕ್ತಿ ಹೋದದ್ದು ಹೋಯಿತು. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿ ನೋಡಬೇಕು.

"ಇನ್ನೊಮ್ಮೆಯಾ?" ಎಂದು ಸೀನಪ್ಪ ಕೇಳಿದ. ಗಂಟಿನ ಸುದ್ದಿಗಿಂತ ಅದೇ ಅವನನ್ನು ಅಲ್ಲಾಡಿಸಿತ್ತು.

ಆ ಭಾನುವಾರ ಚಿತ್ರಾಳನ್ನು ಕೂರಿಸಿಕೊಂಡು ಬೋಟಿನ ಕಥೆ ಹೇಳಿದ. ಅವಳು ಅಕ್ಕಿ ಆರಿಸುವುದು ನಿಲ್ಲಿಸಿ ಕೇಳಿದಳು. ಕೇಳಿ ಮುಗಿದ ಮೇಲೆ ಅವಳಿಗೆ ಬಂದದ್ದು ಸಿಟ್ಟು.

"ಎಂತ ಮನುಷ್ಯರು ಮಾರಾಯ್ರೆ ನೀವು! ಮದುವೆಯಾದಾಗಿಂದ ಬಚ್ಚಲ ಬಾಗಿಲ ಚಿಲಕ ಹಾಕಿದವರಲ್ಲ. ಇವರಿಗೆ ನಾಚಿಕೆ ಇಲ್ಲ ಅಂತ ನಾನು ಊರೆಲ್ಲ ಹೇಳ್ಕೊಂಡು ನಗ್ತಿದ್ದೆ. ಒಂದು ಮಾತು ಹೇಳಕ್ಕೆ ಆಗ್ತಿರಲಿಲ್ವಾ?"

"ಹೇಳಿದ್ರೆ ಅದು ಮತ್ತೆ ಬರ್ತದೆ ಅಂತ ಇತ್ತು."

"ಹೇಳದಿದ್ರೆ ಬರಲಿಲ್ವಾ?"

ಚಿತ್ರಾ ಮತ್ತೆ ಅಕ್ಕಿಗೆ ಕೈಹಾಕಿದಳು, ಆದರೆ ಬಹಳ ಹೊತ್ತು ಒಂದೇ ಕಡೆ ಬೆರಳಾಡಿಸುತ್ತಿದ್ದಳು.

ನವೆಂಬರಿನಲ್ಲಿ ಸ್ಕ್ಯಾನಿಗೆ ಕರೆ ಬಂತು. ಅಷ್ಟರಲ್ಲಿ ಅಶ್ವಿತಾ ಪಿಕರಿಂಗ್ ಎಂಬ ಊರಿನ ಕ್ಲಿನಿಕ್ಕೊಂದರಲ್ಲಿ ಕೆಲಸ ಹಿಡಿದು ಅಲ್ಲಿಯೇ ಕೋಣೆ ಮಾಡಿಕೊಂಡಿದ್ದಳು. ರಜೆ ಹಾಕಿ ಬರುತ್ತೇನೆ ಎಂದಳು. ಆದರೆ ಈ ಸಲ ಕಳಿಸಿದ್ದ ಕೇಂದ್ರ ಬೇರೆ, ಯಂತ್ರದ ಕೋಣೆಗೆ ಜೊತೆಯವರನ್ನು ಬಿಡುವುದಿಲ್ಲ ಎಂದರು. ಹಾಗಾದರೆ ಬಂದು ಏನು ಮಾಡುತ್ತೀ, ಬೇಡ ಎಂದ ಸೀನಪ್ಪ. ಹಿಂದಿನ ಮಧ್ಯಾಹ್ನ ಒಬ್ಬನೇ ಬೇಸ್‌ಮೆಂಟಿನಲ್ಲಿ ಮಲಗಿ ಆಲ್ಬಮ್ ಪೂರ್ತಿ ಕೇಳಿದ. ಕೈ ತಣ್ಣಗಾದದ್ದು ಮರುದಿನ ಬೆಳಗಿನವರೆಗೂ ಬಿಸಿಯಾಗಲಿಲ್ಲ.

ಚಿತ್ರಾ ಹೊರಗೆ ಕಾದಳು. ಒಂದು ಗಂಟೆಗೂ ಮೇಲಾಯಿತು. ಕೊನೆಗೆ ಸೀನಪ್ಪ ತಲೆಕೂದಲು ಕೆದರಿಕೊಂಡು, ಬೂಟಿನ ದಾರ ಕಟ್ಟದೆ ಹೊರಬಂದ.

"ಆಯ್ತಾ? ಇಷ್ಟು ಹೊತ್ತು ಯಾಕೆ?"

"ಹದಿನೇಳು ನಿಮಿಷಕ್ಕೆ ಚೆಂಡು ಹಿಸುಕಿದೆ. ಹೊರಗೆ ಎಳೆದ್ರು. ನೀರು ಕುಡಿದೆ. ಕೂತೆ." ಅವನು ಬೆಂಚಿನ ಮೇಲೆ ಕುಸಿದು ದಾರ ಕಟ್ಟಲು ಬಗ್ಗಿದ. ಎರಡು ಸಲ ಕಟ್ಟಿದರೂ ಗಂಟು ಬೀಳಲಿಲ್ಲ. "ಮತ್ತೆ ಹೋದೆ."

ಚಿತ್ರಾ ಮಂಡಿಯೂರಿ ಕೂತು ದಾರ ಕಟ್ಟಿದಳು. ಗಂಟು ಬೆಳೆದಿಲ್ಲ ಎಂಬ ಸುದ್ದಿ ಕ್ರಿಸ್‌ಮಸ್ಸಿಗೆ ಮುಂಚಿನ ವಾರ ಬಂತು, ಜೊತೆಗೆ ಮುಂದಿನ ವರ್ಷದ ತಾರೀಖೂ.